ತೇಜಾಬು ಮತ್ತು ನಮ್ಮ ದುಡಿಮೆಗಾರರು

ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಹೈದರಾಬಾದಿಗೆ ದುಡಿಮೆಯನ್ನು ಅರಸಿ ಬರುವ ನಮ್ಮ ಜನರಿಗೆ ಗಂಧಕಾಮ್ಲವೆಂದರೆ ಅರ್ಥವಾಗದಿರಬಹುದು. ತೇಜಾಬೆಂದರೆ ಥಟ್ಟನೆ ಅರ್ಥವಾಗುತ್ತದೆ. ನಿಜಾಮರ ಕಾಲದ ಆಡಳಿತ ಭಾಷೆಯಿಂದ ನಮ್ಮ ಸೀಮೆಯ ಮಾತಿನೊಳಗೆ ಇಳಿದು ಉಳಿದ ನೂರಾರು ಶಬ್ದಗಳಲ್ಲಿ ಇದೂ ಒಂದು. ಹೆಸರು ಪರಿಚಿತ, ಪದಾರ್ಥವೂ ಪರಿಚಿತ. ಅದರ ಸ್ವಭಾವ ಮಾತ್ರ ಅಪರಿಚಿತ. ಬಾಲಾನಗರ, ಜೀಡಿಮೆಟ್ಲ, ಚೆರ್ಲಪಲ್ಲಿ, ಪಟಾನ್‌ಚೆರು, ಪಾಶಮೈಲಾರಂ ಮೊದಲಾದ ಕೈಗಾರಿಕಾ ವಸಾಹತುಗಳಲ್ಲಿ ಔಷಧ ತಯಾರಿಕೆಗೂ ಲೋಹ ತೊಳೆಯುವುದಕ್ಕೂ ಈ ದ್ರವವಿಲ್ಲದೆ ಕೆಲಸ ಸಾಗದು. ಅದನ್ನು ಟ್ಯಾಂಕರಿನಿಂದ ಇಳಿಸುವ, ಪೀಪಾಯಿಯಿಂದ ಪೀಪಾಯಿಗೆ ಸುರಿಯುವ, ತೊಟ್ಟಿಯ ತಳವನ್ನು ತೊಳೆಯುವ ಕೆಲಸವು ಬಹುಮಟ್ಟಿಗೆ ಬೀಳುವುದು ಗುತ್ತಿಗೆದಾರನ ಕೈಕೆಳಗಿನ ಕೂಲಿಯವನ ಪಾಲಿಗೆ. ಈ ಕಾರಣದಿಂದ ಇಂದು ನಾವು ಈ ಅಂಕಣವನ್ನು ರಾಜಕೀಯಕ್ಕೆ ಕೊಡದೆ ರಸಾಯನಶಾಸ್ತ್ರಕ್ಕೆ ಕೊಡುತ್ತಿದ್ದೇವೆ.

ಕಾರ್ಖಾನೆಗಳಲ್ಲಿ ಬಳಕೆಯಾಗುವ ಗಾಢ ಗಂಧಕಾಮ್ಲದಲ್ಲಿ ನೂರಕ್ಕೆ 98 ಪಾಲು ಆಮ್ಲವೇ ಇರುತ್ತದೆ. ನೋಟಕ್ಕೆ ಅದು ಎಣ್ಣೆಯಂತೆ ಮಂದ, ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನಬೇಕು. ಒಂದು ಲೀಟರು ನೀರು ಒಂದು ಕಿಲೋ ತೂಗಿದರೆ ಒಂದು ಲೀಟರು ಗಂಧಕಾಮ್ಲವು 1.84 ಕಿಲೋ ತೂಗುತ್ತದೆ. ಈ ಭಾರವನ್ನು ಲೆಕ್ಕಿಸದೆ ಕ್ಯಾನನ್ನು ಎತ್ತಿದವನ ಕೈ ಜಾರುವುದುಂಟು. ನೀರಿನ ಮೇಲೆ ಅದಕ್ಕೆ ತೀರದ ದಾಹ. ಮರ, ಹತ್ತಿ, ಚರ್ಮ, ಮನುಷ್ಯನ ಮೈ, ಎಲ್ಲಿ ನೀರಿನ ಅಂಶವಿದೆಯೋ ಅಲ್ಲಿಂದ ಅದನ್ನು ಹೀರಿ, ಹೀರುವಾಗ ವಿಪರೀತ ಶಾಖವನ್ನು ಹುಟ್ಟಿಸಿ, ಉಳಿದುದನ್ನು ಇದ್ದಿಲು ಮಾಡುತ್ತದೆ. ಆದಕಾರಣ ಆಮ್ಲದ ಗಾಯವೆಂದರೆ ರಾಸಾಯನಿಕ ಕೊರೆತ, ಬೆಂಕಿಯ ಸುಡುವಿಕೆ ಎರಡೂ ಏಕಕಾಲದಲ್ಲಿ ಆದಂತೆ. ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಲು ಕೆಲವು ಕ್ಷಣಗಳೇ ಸಾಕು.

ಆಮ್ಲವನ್ನು ತೆಳುಮಾಡುವಾಗ ನೀರಿಗೆ ಆಮ್ಲವನ್ನು ಹಾಕಬೇಕು, ಆಮ್ಲಕ್ಕೆ ನೀರನ್ನು ಹಾಕಬಾರದು ಎಂಬ ಪಾಠವನ್ನು ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಏಕೆ ಎಂಬುದನ್ನು ಹೇಳಿಕೊಡುವ ಉಪಾಧ್ಯಾಯರು ಕಡಿಮೆ. ನೀರು ಆಮ್ಲಕ್ಕಿಂತ ಹಗುರ. ಮೇಲಿನಿಂದ ಸುರಿದ ನೀರು ಕೆಳಗಿಳಿಯದೆ ಆಮ್ಲದ ಮೇಲೆಯೇ ತೇಲಿ, ಎರಡೂ ಕೂಡುವಲ್ಲಿ ಹುಟ್ಟುವ ಶಾಖದಿಂದ ಒಮ್ಮೆಗೇ ಕುದಿದು, ಕಾದ ಎಣ್ಣೆಗೆ ನೀರು ಬಿದ್ದಂತೆ ಆಮ್ಲವನ್ನು ಹೊತ್ತುಕೊಂಡೇ ಮುಖಕ್ಕೆ ಸಿಡಿಯುತ್ತದೆ. ಹೆಚ್ಚು ನೀರಿಗೆ ಆಮ್ಲವನ್ನು ಸಣ್ಣ ಧಾರೆಯಾಗಿ, ಕಲಕುತ್ತ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಬೆರೆಯುತ್ತದೆ. ಹುಟ್ಟಿದ ಶಾಖವನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ. ಕಾರಣ ಗೊತ್ತಿರುವ ಕಾರ್ಮಿಕನು ಮೇಸ್ತ್ರಿ ಎದುರಿಗಿಲ್ಲದಾಗಲೂ ನಿಯಮವನ್ನು ಪಾಲಿಸುತ್ತಾನೆ.

ಕಡಿಮೆ ಜನರಿಗೆ ಗೊತ್ತಿರುವ ಇನ್ನೊಂದು ಅಪಾಯವು ಇದಕ್ಕಿಂತ ಘೋರವಾದುದು. ಗಾಢ ಗಂಧಕಾಮ್ಲವನ್ನು ಉಕ್ಕಿನ ತೊಟ್ಟಿಯಲ್ಲಿ ಶೇಖರಿಸಬಹುದು. ಲೋಹದ ಮೇಲೆ ಕಬ್ಬಿಣದ ಲವಣದ ತೆಳುಪದರವೊಂದು ಕಟ್ಟಿಕೊಂಡು ಅದೇ ಕವಚವಾಗುತ್ತದೆ. ಆದರೆ ತೊಟ್ಟಿಯನ್ನು ಬರಿದುಮಾಡಿ ತೊಳೆಯಲೆಂದು ಸ್ವಲ್ಪ ನೀರು ಬಿಟ್ಟರೋ, ತಳದ ಆಮ್ಲ ತೆಳುವಾಗುತ್ತದೆ, ಪದರ ಕರಗುತ್ತದೆ, ಆಮ್ಲವು ಉಕ್ಕನ್ನು ತಿನ್ನತೊಡಗಿ ಜಲಜನಕ ಅನಿಲ ಏಳುತ್ತದೆ. ಬೀದರದ ಬಿದರಿ ಕಸಬುದಾರರಿಗೆ ಇದು ಹೊಸ ಸಂಗತಿಯಲ್ಲ. ಸತುವಿನ ಮೇಲೆ ಆಮ್ಲ ಬಿದ್ದಾಗ ಏಳುವ ಗುಳ್ಳೆಗಳೂ ಇದೇ ಜಲಜನಕವೇ. ಬಯಲಿನಲ್ಲಿ ಅದು ಹಾರಿಹೋಗುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಛಾವಣಿಗೆ ಅಂಟಿ ನಿಂತು ಒಂದು ಕಿಡಿಗಾಗಿ ಕಾಯುತ್ತದೆ. ‘ಖಾಲಿ’ ಎಂದು ಹೇಳಿ ವೆಲ್ಡಿಂಗಿನವನನ್ನು ಅದರ ಮೇಲಕ್ಕೆ ಹತ್ತಿಸುವುದು ಕೊಲೆಗೆ ಸಮೀಪದ ಕೃತ್ಯವೆಂದು ನಾವು ಭಾವಿಸುತ್ತೇವೆ. ಅಮೆರಿಕದ ಡೆಲವೇರಿನ ಒಂದು ತೈಲ ಶುದ್ಧೀಕರಣ ಸ್ಥಾವರದಲ್ಲಿ 2001ರ ಜುಲೈ 17ರಂದು, ಬಳಸಿದ ಗಂಧಕಾಮ್ಲವಿದ್ದ ತೊಟ್ಟಿಗಳ ಮೇಲಣ ನಡೆದಾರಿಯನ್ನು ದುರಸ್ತಿ ಮಾಡುತ್ತಿದ್ದಾಗ ಬೆಸುಗೆಯ ಕಿಡಿಯಿಂದ ತೊಟ್ಟಿಯೊಳಗಣ ಆವಿ ಹೊತ್ತಿ ಸ್ಫೋಟವಾಯಿತು. ಒಬ್ಬ ಗುತ್ತಿಗೆ ಕಾರ್ಮಿಕ ಸತ್ತ, ಎಂಟು ಮಂದಿ ಗಾಯಗೊಂಡರು. ಅಲ್ಲಿ ಹೊತ್ತಿದುದು ಆಮ್ಲದಲ್ಲಿ ಬೆರೆತಿದ್ದ ತೈಲದ ಆವಿ. ಹೊತ್ತಿದ ಅನಿಲ ಯಾವುದೇ ಇರಲಿ, ತೊಟ್ಟಿಯ ಒಳಗಾಳಿಯನ್ನು ಪರೀಕ್ಷಿಸದೆ ಬೆಸುಗೆಗೆ ಅಪ್ಪಣೆ ಕೊಡಕೂಡದೆಂಬುದು ಮುಖ್ಯ. ಸತ್ತವನು ಅಲ್ಲಿಯೂ ಗುತ್ತಿಗೆಯವನೇ ಎಂಬುದನ್ನು ಓದುಗರು ಗಮನಿಸಬೇಕು.

ಉಡುಪಿನ ಮಾತು. ಬಟ್ಟೆಯ ಕೈಗವಸು ಆಮ್ಲವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ, ಅದಿಲ್ಲದಿದ್ದುದೇ ಮೇಲು. ಬೇಕಾದುದು ಆಮ್ಲ ತಡೆಯುವ ರಬ್ಬರಿನ ಉದ್ದ ಕೈಗವಸು, ಅದೇ ಬಗೆಯ ಮುಂಗವಚ, ಕಣ್ಣಿಗೆ ಬಿಗಿಯಾಗಿ ಕೂರುವ ಕನ್ನಡಕ, ಅದರ ಮೇಲೆ ಮುಖದ ಪರದೆ. ಷರಾಯಿಯ ಕಾಲನ್ನು ಬೂಟಿನೊಳಗೆ ತುರುಕಬಾರದು, ಬೂಟಿನ ಮೇಲೆ ಇಳಿಬಿಡಬೇಕು. ಇಲ್ಲವಾದರೆ ಹರಿದುಬಂದ ಆಮ್ಲ ಬೂಟಿನಲ್ಲಿ ತುಂಬಿ ನಿಲ್ಲುತ್ತದೆ. ಟ್ಯಾಂಕರಿನ ಕೊಳವೆ ಬಿಚ್ಚುವ ಮೊದಲು ಒಳಗಿನ ಒತ್ತಡ ಇಳಿದಿದೆಯೇ ಎಂದು ನೋಡತಕ್ಕದ್ದು. ಇವೆಲ್ಲ ಸಣ್ಣ ಸಂಗತಿಗಳೆಂದು ನಗುವವರು ನಮ್ಮಲ್ಲಿದ್ದಾರೆ. ಉಸ್ಮಾನಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡನ್ನು ಒಮ್ಮೆ ನೋಡಿ ಬಂದವರು ನಗಲಾರರು.

ಎಷ್ಟು ಎಚ್ಚರಿಕೆಯಿದ್ದರೂ ಅವಘಡ ನಡೆದುಹೋಗಬಹುದು. ಆಗ ಮೊದಲ ಔಷಧ ನೀರೇ, ಕೊನೆಯ ಔಷಧವೂ ನೀರೇ. ಆಮ್ಲಕ್ಕೆ ನೀರು ಹಾಕಬಾರದೆಂದು ಮೇಲೆ ಹೇಳಿದ್ದೇವಲ್ಲ, ಹಾಗಾದರೆ ಮೈಮೇಲೆ ಬಿದ್ದ ಆಮ್ಲಕ್ಕೆ ಹೇಗೆ ಎಂದು ಕೆಲವರು ಹಿಂಜರಿಯುತ್ತಾರೆ. ಈ ಹಿಂಜರಿಕೆ ಅಪಾಯಕರ. ಬೊಗಸೆ ನೀರು ಶಾಖ ಹುಟ್ಟಿಸೀತು. ಧಾರಾಳವಾಗಿ ಹರಿಯುವ ನೀರು ಆಮ್ಲವನ್ನೂ ಶಾಖವನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಬಟ್ಟೆಯನ್ನು ತಕ್ಷಣ ಕಳಚಬೇಕು, ನಾಚಿಕೆಗೆ ಅದು ಸಮಯವಲ್ಲ. ಕನಿಷ್ಠ 20 ನಿಮಿಷ ನೀರಿನ ಕೆಳಗೆ ನಿಲ್ಲಿಸಬೇಕು. ಕಣ್ಣಾದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಅಷ್ಟೇ ಹೊತ್ತು ತೊಳೆಯಬೇಕು. ಸುಣ್ಣ, ಸೋಡಾ, ಅರಿಸಿನ, ಎಣ್ಣೆ ಯಾವುದನ್ನೂ ಗಾಯಕ್ಕೆ ಮೆತ್ತಬಾರದು. ನುಂಗಿದವನಿಗೆ ವಾಂತಿ ಮಾಡಿಸಬಾರದು, ಇಳಿಯುವಾಗ ಸುಟ್ಟ ಗಂಟಲನ್ನು ಅದು ಏರುವಾಗ ಮತ್ತೆ ಸುಡುತ್ತದೆ. ನೆಲದ ಮೇಲೆ ಚೆಲ್ಲಿದುದರ ರೀತಿ ಬೇರೆ: ಅದಕ್ಕೆ ನೀರು ಎರಚದೆ ಒಣಮರಳಿನ ಕಟ್ಟೆ ಹಾಕಿ, ಬಲ್ಲವರು ಬಂದು ಸುಣ್ಣದಿಂದ ಶಮನಗೊಳಿಸುವವರೆಗೆ ದೂರ ನಿಲ್ಲಬೇಕು. 2005ರಲ್ಲಿ ಇದೇ ಹೈದರಾಬಾದಿನಲ್ಲಿ ಮೊದಲು ಆರಂಭವಾದ 108 ಆಂಬುಲೆನ್ಸಿಗೆ ಕರೆಮಾಡಬೇಕಾದುದು ತೊಳೆಯಲು ಆರಂಭಿಸಿದ ಮೇಲೆ, ತೊಳೆಯುವುದಕ್ಕೆ ಬದಲಾಗಿ ಅಲ್ಲ.

ಅಕ್ಕಸಾಲಿಗರು ಬಳಸುವ ನೈಟ್ರಿಕ್ ಆಮ್ಲದ ಕಂದುಹೊಗೆಯ ಬಗೆಗೂ ಎರಡು ಮಾತು ಅಗತ್ಯ. ಅದನ್ನು ಉಸಿರಾಡಿದವನು ಕೆಮ್ಮಿ, ಸುಧಾರಿಸಿಕೊಂಡು, ಮನೆಗೆ ಹೋಗಿ ಉಂಡು ಮಲಗುತ್ತಾನೆ. ಹಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಇನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಬ್ಲೀಚಿಂಗ್ ಪುಡಿ ಬೆರೆಸುವ ಗೃಹಿಣಿಯರು ತಮ್ಮ ಸ್ನಾನದ ಮನೆಯಲ್ಲೇ ಕ್ಲೋರಿನ್ ವಿಷಾನಿಲವನ್ನು ತಯಾರಿಸುತ್ತಿದ್ದಾರೆ.

ಬಳಸಿದ ಆಮ್ಲದ ಗತಿಯೇನು? 2022ರ ಜನವರಿ 6ರಂದು ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಿಂದ ರಾಸಾಯನಿಕ ತ್ಯಾಜ್ಯವನ್ನು ಕದ್ದು ಚರಂಡಿಗೆ ಬಿಟ್ಟಾಗ ಎದ್ದ ವಿಷಾನಿಲಕ್ಕೆ ಹತ್ತಿರದ ಗಿರಣಿಯ ಆರು ಮಂದಿ ಕಾರ್ಮಿಕರು ಬಲಿಯಾದರು. ಗಂಧಕದ ಅಂಶವುಳ್ಳ ಕೊಳೆಗೆ ಆಮ್ಲ ಸೇರಿದರೆ ಇಂಥ ಮಾರಕ ಅನಿಲ ಹುಟ್ಟುವುದು ರಸಾಯನಶಾಸ್ತ್ರದ ಸಾಮಾನ್ಯ ಪಾಠ. ನಮ್ಮ ಕಡೆಯದೂ ಹೆಮ್ಮೆಯ ಚರಿತ್ರೆಯಲ್ಲ. ಪಟಾನ್‌ಚೆರುವಿನ ಕಾರ್ಖಾನೆಗಳ ಹೊಲಸು ನಕ್ಕವಾಗು ಹಳ್ಳವನ್ನು ಕೆಡಿಸಿದ್ದು, ಅಲ್ಲಿನ ವೈದ್ಯ ಡಾ. ಕಿಶನ್ ರಾವ್ ಅಂಥವರು ವರ್ಷಗಟ್ಟಲೆ ಹೋರಾಡಿದ್ದು, 1990ರಲ್ಲಿ ವಿಷಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಹಳೆಯ ಮಾತು. ಆ ಹಳ್ಳ ಹೋಗಿ ಸೇರುವುದು ಬೀದರ ಜಿಲ್ಲೆಯನ್ನು ಹಾದುಬರುವ ನಮ್ಮ ಮಾಂಜ್ರಾ ನದಿಯನ್ನು.

ಕಾನೂನು ಇಲ್ಲವೆಂದು ಹೇಳುವಂತಿಲ್ಲ. ಭೋಪಾಲದ ದುರಂತಕ್ಕೆ ವರ್ಷ ತುಂಬಿದ ಹೊಸದರಲ್ಲೇ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಗಂಧಕಾಮ್ಲದ ಉಗ್ರರೂಪವಾದ ಓಲಿಯಂ ಸೋರಿತು. ಆ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠವು, ಅಪಾಯಕರ ಉದ್ಯಮದಿಂದಾದ ಹಾನಿಗೆ ಒಡೆಯನೇ ಪೂರ್ಣ ಹೊಣೆ, ಎಚ್ಚರಿಕೆ ವಹಿಸಿದ್ದೆನೆಂಬ ಸಬೂಬು ಸಲ್ಲದು ಎಂದು 1986ರಲ್ಲಿ ಸಾರಿತು. ಮರುವರ್ಷವೇ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ತಾನು ಮುಟ್ಟುವ ವಸ್ತುವಿನ ಅಪಾಯವನ್ನು ತಿಳಿಯುವ ಹಕ್ಕು ಕಾರ್ಮಿಕನಿಗೆ ಬಂತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಆಮ್ಲದ ಚಿಲ್ಲರೆ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟು ದಾಖಲೆ ಪುಸ್ತಕ, ಗುರುತಿನ ಚೀಟಿ, 18 ವರ್ಷದ ಮಿತಿಗಳನ್ನು ವಿಧಿಸಿತು. ಅಷ್ಟಾದರೂ ತಂಪುಪಾನೀಯದ ಹಳೆಯ ಬಾಟಲಿಯಲ್ಲಿ ತೇಜಾಬು ತುಂಬಿಡುವ ಅಭ್ಯಾಸ ನಮ್ಮ ಮನೆಗಳಿಂದ ತೊಲಗಿಲ್ಲ. ಬಾಯಾರಿದ ಮಗುವಿಗೆ ಬಾಟಲಿಯ ಗುರುತೇ ಸಾಕು.

ತಿಳಿಯುವ ಹಕ್ಕು ಇದೆ ನಿಜ; ಯಾವ ಭಾಷೆಯಲ್ಲಿ? ಪೀಪಾಯಿಯ ಮೇಲಣ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ, ಗೋಡೆಯ ಫಲಕ ತೆಲುಗಿನಲ್ಲೋ ಹಿಂದಿಯಲ್ಲೋ ಇರುತ್ತದೆ. ತೆಲುಗು ಲಿಪಿ ನಮ್ಮ ಲಿಪಿಯ ಒಡಹುಟ್ಟು. ಕಷ್ಟಪಟ್ಟರೆ ಓದಬಹುದು ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಆಮ್ಲವು ಅಕ್ಷರ ಕೂಡಿಸುವಷ್ಟು ಹೊತ್ತು ಕಾಯುವುದಿಲ್ಲ. 2025ರ ಜೂನ್ 30ರಂದು ಪಾಶಮೈಲಾರಂನ ಔಷಧ ಕಾರ್ಖಾನೆಯಲ್ಲಿ ನಡೆದ ಸ್ಫೋಟದಲ್ಲಿ ನಲವತ್ತಕ್ಕೂ ಹೆಚ್ಚು ಜೀವ ಹೋಯಿತು. ಅದು ಆಮ್ಲದ ಅಪಘಾತವಲ್ಲ. ಆದರೆ ಸತ್ತವರಲ್ಲಿ ಬಹುಮಂದಿ ಹೊರರಾಜ್ಯಗಳಿಂದ ಬಂದವರು, ತಮ್ಮ ಊರಿನ ಮಾತಿನಲ್ಲದ ಮಾತಿನಲ್ಲಿ ದುಡಿಯುತ್ತಿದ್ದವರು.

ಕಾರ್ಖಾನೆಗಳ ಇಲಾಖೆಯು, ಕನ್ನಡಿಗರು ದುಡಿಯುವ ಕಡೆಗಳಲ್ಲಿ ಎಚ್ಚರಿಕೆಯ ಫಲಕವನ್ನು ಕನ್ನಡದಲ್ಲೂ ಹಾಕಿಸಬೇಕು, ಆಮ್ಲದ ತೊಟ್ಟಿಯಿಂದ ಹತ್ತು ಹೆಜ್ಜೆಯೊಳಗೆ ಹರಿಯುವ ನೀರಿನ ಸ್ನಾನಕೊಳವೆ ಇದೆಯೇ ಎಂದು ಕಣ್ಣಾರೆ ನೋಡಬೇಕು. ಕೊಳವೆ ಇದ್ದರೆ ಸಾಲದು. ಅದನ್ನು ತಿರುಗಿಸಿ ನೀರು ಬರುತ್ತದೆಯೇ ಎಂದೂ ನೋಡಬೇಕು. ನಮ್ಮ ಸಂಘಸಂಸ್ಥೆಗಳಿಗೂ ಕೆಲಸವುಂಟು. ನಾಡಹಬ್ಬಕ್ಕೂ ರಾಜ್ಯೋತ್ಸವಕ್ಕೂ ಬಾಗಿಲು ತೆರೆಯುವ ಸಾಹಿತ್ಯ ಮಂದಿರವಾಗಲಿ, ಕಾಚಿಗುಡದ ನೃಪತುಂಗ ಶಾಲೆಯಾಗಲಿ, ತಿಂಗಳ ಒಂದು ಭಾನುವಾರ ಒಂದು ಗಂಟೆ ಈ ದುಡಿಮೆಗಾರರಿಗೆ ಕೊಟ್ಟರೆ, ನಿವೃತ್ತ ರಸಾಯನ ಅಧ್ಯಾಪಕರು ನಮ್ಮಲ್ಲಿ ಕಡಿಮೆಯಿಲ್ಲ. ಕೈಯ ಮೇಲೂ ಲೋಹದ ಮೇಲೂ ದ್ರವ ತೊಟ್ಟಿಕ್ಕುವ ಆ ಚಿತ್ರಕ್ಕೆ ಕೊರೆಯುವ ವಸ್ತುವೆಂದು ಅರ್ಥ. ಟ್ಯಾಂಕರಿನ ಹಿಂದಿನ 1830 ಎಂಬ ಅಂಕಿಗೆ ಗಂಧಕಾಮ್ಲವೆಂದೂ 2031ಕ್ಕೆ ನೈಟ್ರಿಕ್ ಆಮ್ಲವೆಂದೂ ಅರ್ಥ. ಇಷ್ಟನ್ನು ಕಲಿಯಲು ಯಾವ ಲಿಪಿಯೂ ಬೇಡ.

ಗುತ್ತಿಗೆಯಲ್ಲಿ ದುಡಿಯುವವರು ಇದೊಂದನ್ನು ಈ ವಾರವೇ ವಿಚಾರಿಸಿಕೊಳ್ಳಲಿ: ತಮ್ಮ ಹೆಸರು ಇ.ಎಸ್.ಐ. ವಿಮೆಗೆ ಸೇರಿದೆಯೇ? ಕೆಲಸದಲ್ಲಾದ ಗಾಯಕ್ಕೆ ಸಂಬಳದ ನೂರಕ್ಕೆ 90ರಷ್ಟು ಪರಿಹಾರವು ವಿಮೆಗೆ ಒಳಪಟ್ಟ ಮೊದಲ ದಿನದಿಂದಲೇ ಸಲ್ಲುತ್ತದೆ; ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ವಿಮಾ ಸಂಖ್ಯೆಯನ್ನು ಗುತ್ತಿಗೆದಾರನಿಂದ ಬರೆಸಿಕೊಂಡು ಅದರ ಒಂದು ಪ್ರತಿಯನ್ನು ಊರಿನಲ್ಲಿರುವ ಮನೆಯವರಿಗೂ ಕಳುಹಿಸಿಕೊಡಲಿ.