ಹಲ್ಲು ಕೀಳುವ ಮುನ್ನ



70 ದಾಟಿದ ನಮ್ಮ ಸೋದರತ್ತೆಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ನರದ ನೋವಿನ ಕಾಯಿಲೆ. ಮುಖದ ಒಂದೇ ಬದಿಗೆ ಕರೆಂಟು ಹೊಡೆದಂಥ ನೋವು; ಕೆಲವು ಸೆಕೆಂಡು ಇದ್ದು ಹೋಗುತ್ತದೆ, ಮತ್ತೆ ಬರುತ್ತದೆ. ಮುಖ ತೊಳೆದರೆ, ರೊಟ್ಟಿ ಅಗಿದರೆ, ಬಸ್ಸಿನ ಕಿಟಕಿಯ ಗಾಳಿ ತಾಗಿದರೂ ಸಾಕು. ದವಡೆಯಲ್ಲಿ ಕಾಣಿಸಿಕೊಳ್ಳುವುದರಿಂದ ಹಲ್ಲುನೋವೆಂದು ತಿಳಿದು ಗಟ್ಟಿ ಹಲ್ಲುಗಳನ್ನೇ ಕೀಳಿಸಿಕೊಂಡವರು ಎಷ್ಟೋ ಜನ. ಅತ್ತೆಯೂ ಎರಡು ಕಳೆದುಕೊಂಡರು.

ಮಾಮೂಲಿ ನೋವಿನ ಮಾತ್ರೆಗೆ ಇದು ಜಗ್ಗುವುದಿಲ್ಲ. ಸಾಮಾನ್ಯವಾಗಿ ಮೊದಲು ಕೊಡುವುದು ಅಪಸ್ಮಾರಕ್ಕೂ ಬಳಸುವ ಕಾರ್ಬಮಜೆಪೈನ್. ಮನೆಯವರು ಎಚ್ಚರವಾಗಿರಬೇಕಾದದ್ದು ಇಲ್ಲೇ. ವಯಸ್ಸಾದವರಲ್ಲಿ ಅದು ತಲೆಸುತ್ತು ತರಬಹುದು, ರಕ್ತದ ಸೋಡಿಯಂ ಇಳಿಸಬಹುದು. ಮಂಪರು, ತಡವರಿಸುವ ನಡಿಗೆ, ಗೊಂದಲದ ಮಾತು ಕಂಡರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗದೆ ಕೂಡಲೇ ವೈದ್ಯರಿಗೆ ತಿಳಿಸಿ. ಅವರನ್ನು ಕೇಳದೆ ಮಾತ್ರೆ ದಿಢೀರನೆ ನಿಲ್ಲಿಸಲೂಬೇಡಿ. ಔಷಧ ಸಾಲದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ.

ಊತವಿಲ್ಲ, ಗಾಯವಿಲ್ಲ; ನೋಡುವವರಿಗೆ ಏನೂ ಕಾಣದು. ಮದುವೆಮನೆಯಲ್ಲಿ ಅತ್ತೆ ಮಾತಾಡದೆ ಕೂತರೆ ‘ಬಿಗುಮಾನ’ ಎನ್ನುತ್ತಾರೆ. ಅದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಬಾಯಿ ತೆರೆದರೇ ನೋವು ಎದ್ದೇಳುವವರನ್ನು ದಯವಿಟ್ಟು ಮಾತಿಗೆ ಒತ್ತಾಯಿಸಬೇಡಿ.

ಹಲ್ಲಿನಲ್ಲಿ ದೋಷ ಕಾಣದಿದ್ದಾಗ ಕೀಳುವ ಬದಲು ನರರೋಗ ತಜ್ಞರ ಬಳಿಗೆ ಕಳಿಸುವ ಪದ್ಧತಿಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲೂ ಕಡ್ಡಾಯಗೊಳಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

– ಓದುಗರೊಬ್ಬರು, ಸಾಗರ