ಧೂಮಕೇತುವಿಗೂ ಒಂದು ಗುಂಡಿಯೆ?

ಮೊನ್ನೆ ಭಾನುವಾರ ನನ್ನ ತಂಗಿಯ ಮಗ ಮನೆಗೆ ಬಂದಿದ್ದ. ಲೆಕ್ಕಪತ್ರದ ಕೆಲಸದಲ್ಲಿರುವ ಹುಡುಗ; ಜಾಣ; ಬಿಡುವು ಸಿಕ್ಕಿದರೆ ಗಣಕಯಂತ್ರದ ಮುಂದೆ ಕುಳಿತು ನಕ್ಷತ್ರಸಾಮ್ರಾಜ್ಯಗಳನ್ನು ಕಟ್ಟುವುದು ಅವನ ಹವ್ಯಾಸ. ಅಂದು ಹೊಸದೊಂದು ಆಟಕ್ಕೆ ತೊಡಗುವ ಮುನ್ನ ಪರದೆಯ ಮೇಲಿದ್ದ ಪುಟ್ಟ ಚೌಕದೊಳಗಿನ ಗುರುತೊಂದನ್ನು ಅಳಿಸಿಬಿಟ್ಟ. ಅದೇನಪ್ಪಾ ಎಂದು ಕೇಳಿದೆ.

“ಆಕಸ್ಮಿಕ ಘಟನೆಗಳು, ಮಾವ. ಧೂಮಕೇತು, ಪಿಡುಗು, ನಕ್ಷತ್ರಸ್ಫೋಟ ಇವೆಲ್ಲ ನನಗೆ ಬೇಡವೆಂದು ಹೇಳಿದೆ. ಇವು ನಡುವೆ ಬಾಯಿ ಹಾಕಿದರೆ ತಂತ್ರಕ್ಕೆ ಏನು ಬೆಲೆ?” ಎಂದ.

ಧೂಮಕೇತು ಬೇಡವೆನ್ನುವುದಕ್ಕೆ ಒಂದು ಗುಂಡಿ! ಮೂವತ್ತು ವರ್ಷ ವಿಮಾ ಕಚೇರಿಯೊಂದರಲ್ಲಿ ಬೆಂಕಿ, ನೆರೆ, ಅಪಘಾತಗಳ ಕಡತಗಳನ್ನು ತಿರುವಿ ನಿವೃತ್ತನಾದ ನನಗೆ ಈ ಸೌಕರ್ಯದ ಸುದ್ದಿ ಕೇಳಿ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಕಾರಣವನ್ನು ವಾಚಕರ ಮುಂದಿಡುತ್ತೇನೆ. ಆಟದ ಮಾತಿಗೆ ಇಷ್ಟೊಂದು ಸಿಟ್ಟೇಕೆ ಎನ್ನುವವರು ಕೊನೆಯವರೆಗೆ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಈ ಆಟಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಆಟಗಾರ ಒಂದೇ ಗ್ರಹದಿಂದ ಹೊರಡುತ್ತಾನೆ. ಸುತ್ತಣ ಆಕಾಶವನ್ನು ಶೋಧಿಸಬೇಕು, ನೆಲೆಗಳನ್ನು ವಿಸ್ತರಿಸಬೇಕು, ಸಂಪತ್ತನ್ನು ಬಳಸಿಕೊಳ್ಳಬೇಕು, ಎದುರಾಳಿಗಳನ್ನು ಅಡಗಿಸಬೇಕು. ೧೯೯೩ರಲ್ಲಿ ‘ಮಾಸ್ಟರ್ ಆಫ್ ಓರಿಯನ್’ ಎಂಬ ಆಟವನ್ನು ಕುರಿತು ಬರೆಯುತ್ತ ಅಲನ್ ಎಮ್ರಿಚ್ ಎಂಬ ಅಮೆರಿಕದ ಲೇಖಕ ಈ ನಾಲ್ಕು ಕ್ರಿಯೆಗಳಿಗೆ ನಾಲ್ಕು ಎಕ್ಸ್ ಅಕ್ಷರಗಳ ಗುರುತು ಕೊಟ್ಟ. ಅಂದಿನಿಂದ ಈ ಜಾತಿಯ ಆಟಗಳಿಗೆಲ್ಲ ‘ಫೋರ್ ಎಕ್ಸ್’ ಎಂಬ ಹೆಸರೇ ನಿಂತುಹೋಯಿತು. ಸ್ಟೀವ್ ಬಾರ್ಸಿಯಾ ಮತ್ತು ಅವನ ಸಂಗಡಿಗರು ರಚಿಸಿದ ಆ ಆಟದಲ್ಲಿ ಆಕಾಶವೆಂಬುದು ಸುಮ್ಮನೆ ಬಿದ್ದಿರುವ ಬಯಲಲ್ಲ. ನೀಹಾರಿಕೆಯನ್ನು ಹೊಕ್ಕ ಹಡಗು ಬಸವನಹುಳುವಿನಂತೆ ತೆವಳುತ್ತದೆ. ಒಂದು ದಿನ ನಿಮ್ಮ ನಕ್ಷತ್ರವೊಂದು ಸಿಡಿಯುವುದರಲ್ಲಿದೆಯೆಂದು ವರ್ತಮಾನ ಬರುತ್ತದೆ. ಗಡುವು ಮೀರುವುದರೊಳಗಾಗಿ ಆ ಗ್ರಹದ ದುಡಿಮೆಯನ್ನು ಸಂಶೋಧನೆಗೆ ಸುರಿದು ಅದನ್ನು ತಡೆಯಬೇಕು. ಇನ್ನೊಂದು ದಿನ ಧೂಮಕೇತು ಬರುತ್ತದೆ. ಗಡಿಯಲ್ಲಿ ಕಾದು ನಿಂತ ನೌಕಾಪಡೆಯನ್ನು ಹಿಂದಕ್ಕೆ ಕರೆಸಿ ಅದನ್ನು ಒಡೆಯಬೇಕು. ೧೯೯೬ರಲ್ಲಿ ಅದರ ಎರಡನೆಯ ಆವೃತ್ತಿ ಬಂದಾಗ, ಈ ಉಪದ್ರವಗಳೆಲ್ಲ ಬೇಡವೆನ್ನುವವರಿಗಾಗಿ ಆರಂಭದಲ್ಲೇ ಒಂದು ಚೌಕವನ್ನೂ ಇಟ್ಟರು. ನನ್ನ ಸೋದರಳಿಯ ಅಳಿಸಿದ್ದು ಆ ಚೌಕದ ವಂಶದ ಕುಡಿಯನ್ನೇ.

ಈಗ ಪೂರ್ವಪಕ್ಷದವರ ವಾದವನ್ನು ಕೇಳೋಣ. “ಚದುರಂಗದಲ್ಲಿ ಆನೆಗೆ ಸಿಡಿಲು ಬಡಿಯುವುದಿಲ್ಲ, ಮಂತ್ರಿಗೆ ಕಾಲರಾ ಬರುವುದಿಲ್ಲ. ಬುದ್ಧಿಗೆ ಬುದ್ಧಿ ಎದುರಾಗುವುದೇ ತಂತ್ರ” ಎನ್ನುತ್ತಾರೆ ಅವರು. ಮಾತು ಚೆನ್ನಾಗಿದೆ. ಆದರೆ ಚದುರಂಗದ ಅರವತ್ತನಾಲ್ಕು ಮನೆಗಳೂ ಇಬ್ಬರು ಆಟಗಾರರ ಕಣ್ಣಿಗೂ ಮೊದಲಿನಿಂದ ಕೊನೆಯವರೆಗೆ ಕಾಣುತ್ತಿರುತ್ತವೆ. ಅಲ್ಲಿ ಶೋಧಿಸಬೇಕಾದ ಮನೆಯೇ ಇಲ್ಲ. ನಕ್ಷತ್ರದಾಟದ ಮೊದಲ ಪ್ರತಿಜ್ಞೆಯೇ ಶೋಧ. ಕತ್ತಲೆಯೊಳಕ್ಕೆ ಹಡಗು ಬಿಡುತ್ತೇನೆ, ಆದರೆ ಕತ್ತಲೆಯಲ್ಲಿ ನಾನು ನಿರೀಕ್ಷಿಸದ ಯಾವುದೂ ಇರಕೂಡದು ಎನ್ನುವವನು ಶೋಧಕನಲ್ಲ. ತನ್ನ ಜಮೀನಿನ ಬೇಲಿ ಸುತ್ತಿ ಬರುವ ಪಟೇಲ. ಪಟೇಲಿಕೆಯೂ ಗೌರವದ ಕೆಲಸವೇ. ಅದನ್ನು ದಿಗ್ವಿಜಯವೆಂದು ಕರೆಯಬಾರದು, ಅಷ್ಟೆ.

ಎರಡನೆಯ ವಾದ ನೀತಿಯದು. ದಾಳವೆಂದರೆ ಜೂಜು, ಧರ್ಮರಾಯ ಕೆಟ್ಟದ್ದು ದಾಳದಿಂದಲೇ ಅಲ್ಲವೆ? ಈ ಮಾತನ್ನು ನಾನು ಬಾಲ್ಯದಿಂದ ಕೇಳಿದ್ದೇನೆ, ಒಪ್ಪುವುದಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ಆಕಸ್ಮಿಕವೆಂಬುದು ಎಲ್ಲಿತ್ತು? ಶಕುನಿ ಕೇಳಿದ ಗರವೇ ಬೀಳುತ್ತಿತ್ತು. ಬೀಳುವುದು ಮೊದಲೇ ನಿಶ್ಚಯವಾಗಿದ್ದ ದಾಳ ದಾಳವೇ ಅಲ್ಲ. ಅಂದು ಕೇಡು ತಂದದ್ದು ಆಕಸ್ಮಿಕವಲ್ಲ, ಆಕಸ್ಮಿಕದ ಅಭಾವ. ನಮ್ಮ ಅಜ್ಜಿಯರು ಚೌಕಾಬಾರದಲ್ಲಿ ಕವಡೆ ಎಸೆಯುತ್ತಿದ್ದಾಗ ಗರ ಅವರ ಕೈಯಲ್ಲಿರಲಿಲ್ಲ. ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕೆಂಬ ಜಾಣತನ ಮಾತ್ರ ಅವರದಾಗಿತ್ತು. ಆ ಜಾಣತನಕ್ಕೆ ನಾನು ತಂತ್ರವೆನ್ನುತ್ತೇನೆ.

ಇದಕ್ಕಿಂತ ದೊಡ್ಡ ತಪ್ಪೊಂದು ಈ ಗುಂಡಿ ಒತ್ತುವವರಲ್ಲಿದೆ. ಅವರು ಆಕಸ್ಮಿಕವನ್ನು ಆಟಕ್ಕೆ ಹೊರಗಿನಿಂದ ತಂದು ಅಂಟಿಸಿದ ಕಿರುಕುಳವೆಂದು ತಿಳಿದಿದ್ದಾರೆ. ನಿಜವಾದ ಆಕಾಶದ ಕಡೆ ಒಮ್ಮೆ ತಲೆಯೆತ್ತಿ ನೋಡಲಿ. ೧೯೭೨ರ ಏಪ್ರಿಲ್‌ನಲ್ಲಿ ಅಪೋಲೊ ೧೬ರ ಯಾತ್ರಿಕರು ಚಂದ್ರನಿಂದ ಹಿಂತಿರುಗಿದರು. ಡಿಸೆಂಬರ್‌ನಲ್ಲಿ ಅಪೋಲೊ ೧೭ ಹೊರಟಿತು. ಇವೆರಡರ ನಡುವೆ, ಆಗಸ್ಟ್‌ನಲ್ಲಿ, ಸೂರ್ಯ ಭಯಂಕರವಾಗಿ ಕೆರಳಿದ. ಆ ವಾರ ಚಂದ್ರನ ಮೇಲೆ ಯಾರಾದರೂ ನಡೆದಾಡುತ್ತಿದ್ದರೆ ವಿಕಿರಣದಿಂದ ಕಾಯಿಲೆ ಬೀಳುವುದು ತಪ್ಪುತ್ತಿರಲಿಲ್ಲ. ಯಾರೂ ಇರಲಿಲ್ಲ. ಅದು ಯಾರ ತಂತ್ರ? ೧೯೮೯ರ ಮಾರ್ಚ್ ೧೩ರಂದು ಅಂಥದೇ ಒಂದು ಸೌರಮಾರುತ ಕೆನಡದ ಕ್ವಿಬೆಕ್ ಪ್ರಾಂತವನ್ನು ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿಟ್ಟಿತು. ೨೦೨೨ರ ಫೆಬ್ರವರಿ ೩ರಂದು ಸ್ಟಾರ್‌ಲಿಂಕ್‌ನ ೪೯ ಉಪಗ್ರಹಗಳು ಒಟ್ಟಿಗೆ ಮೇಲೇರಿದವು. ಸಣ್ಣ ಪ್ರಮಾಣದ ಒಂದು ಸೌರಮಾರುತ ವಾತಾವರಣದ ಮೇಲ್ಪದರವನ್ನು ಕಾಯಿಸಿ ಉಬ್ಬಿಸಿತು. ಆ ಉಬ್ಬಿದ ಗಾಳಿಯ ಎಳೆತಕ್ಕೆ ಸಿಕ್ಕಿ ೪೦ರ ಸಮೀಪದಷ್ಟು ಉಪಗ್ರಹಗಳು ಮರಳಿ ಬಿದ್ದು ಉರಿದುಹೋದವು. ಇಷ್ಟೆಲ್ಲ ಆದ ಮೇಲೂ ಬಾಹ್ಯಾಕಾಶದ ತಂತ್ರದಾಟದಲ್ಲಿ ಸೂರ್ಯ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ನ್ಯಾಯವೆ?

ಸರ್ಕಾರಗಳಂತೂ ಹಾಗೆ ತಿಳಿದಿಲ್ಲ. ನಮ್ಮವರೇ ೨೦೨೩ರ ಸೆಪ್ಟೆಂಬರ್ ೨ರಂದು ಆದಿತ್ಯ-ಎಲ್೧ ನೌಕೆಯನ್ನು ಹಾರಿಸಿ, ಭೂಮಿಯಿಂದ ಸುಮಾರು ೧೫ ಲಕ್ಷ ಕಿಲೋಮೀಟರು ದೂರದಲ್ಲಿ ಕಾವಲಿಗಿಟ್ಟರು. ಸೂರ್ಯನ ಪ್ರಭಾವಲಯವನ್ನು ನೋಡುವ ಅದರ ಮುಖ್ಯ ಉಪಕರಣವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಮರುವರ್ಷ ಮೇ ತಿಂಗಳಲ್ಲಿ ದೊಡ್ಡ ಸೌರಮಾರುತ ಬೀಸಿದಾಗ ಅದೇ ಸಂಸ್ಥೆಯ ಲಡಾಖಿನ ಹಾನ್ಲೆ ವೀಕ್ಷಣಾಲಯದವರು ಆಕಾಶ ಕೆಂಪಾದುದನ್ನು ಕಂಡರು. ಸೂರ್ಯನನ್ನು ಆರಿಸುವ ಗುಂಡಿ ಇವರಿಗೆ ಸಿಗಲಿಲ್ಲ. ಸಿಕ್ಕುವುದು ಮುನ್ಸೂಚನೆ ಮಾತ್ರ. ಅದಕ್ಕಾಗಿಯೇ ಅಷ್ಟು ದೂರದ ಕಾವಲು.

ಒಳ್ಳೆಯ ಆಟಗಳು ಇದನ್ನು ಬಲ್ಲವು. ೨೦೧೬ರಲ್ಲಿ ಬಂದ ‘ಸ್ಟೆಲಾರಿಸ್’ನಲ್ಲಿ ಪಲ್ಸಾರ್ ತಾರೆಯ ಬಳಿ ಯಾವ ಹಡಗಿನ ರಕ್ಷಾಕವಚವೂ ನಿಲ್ಲುವುದಿಲ್ಲ, ನ್ಯೂಟ್ರಾನ್ ತಾರೆಯ ಬಳಿ ಹಡಗುಗಳು ನಿಧಾನಿಸುತ್ತವೆ. ಇದು ದಾಳವಲ್ಲ, ಸ್ಥಳಧರ್ಮ. ಕವಚವನ್ನೇ ನಂಬಿದ ವೈರಿಯನ್ನು ಅಲ್ಲಿಗೆ ಸೆಳೆದವನು ಗೆಲ್ಲುತ್ತಾನೆ. ೨೦೧೨ರ ‘ಎಫ್‌ಟಿಎಲ್’ ಒಂದೇ ಹಡಗಿನ ಕಪ್ತಾನಗಿರಿಯ ಆಟ. ಅಲ್ಲಿ ಉರಿಯುವ ತಾರೆಯ ಸಮೀಪ ಯುದ್ಧಕ್ಕಿಳಿದರೆ ಅದರ ಜ್ವಾಲೆಯಿಂದ ಹಡಗಿನೊಳಗೇ ಬೆಂಕಿ ಹತ್ತುತ್ತದೆ. ಬಾಗಿಲು ತೆರೆದು ಗಾಳಿಯನ್ನೆಲ್ಲ ಹೊರಕ್ಕೆ ಬಿಟ್ಟು ಬೆಂಕಿಯ ಉಸಿರು ಕಟ್ಟಿಸಬಹುದು, ಆದರೆ ಒಳಗಿರುವ ನಿಮ್ಮ ಜನವೂ ಉಸಿರಾಡಬೇಕಲ್ಲ! ಅದೇ ಜ್ವಾಲೆ ಎದುರಾಳಿಯ ಹಡಗನ್ನೂ ಸುಡುತ್ತದೆಂಬುದು ಮುಖ್ಯ. ಸೂರ್ಯನಿಗೆ ಪಕ್ಷಪಾತವಿಲ್ಲ. ಬೆಂಕಿಯನ್ನು ಯಾರು ಮೊದಲು ಆರಿಸುತ್ತಾರೆಂಬುದರಲ್ಲಿ ಯೋಗ್ಯತೆ ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಒಂದು ಆಕ್ಷೇಪವನ್ನು ನಾನು ಪ್ರಾಮಾಣಿಕವಾಗಿ ಒಪ್ಪಲೇಬೇಕು. ಸೋದರಳಿಯ ಕೇಳಿದ: “ಮೂವತ್ತು ಗ್ರಹಗಳಿರುವ ಚಕ್ರವರ್ತಿಗೆ ಪಿಡುಗು ಬಡಿದರೆ ಗೀರುಗಾಯ, ಒಂದೇ ಗ್ರಹವಿರುವವನಿಗೆ ಬಡಿದರೆ ಸರ್ವನಾಶ. ನಿಮ್ಮ ಆಕಸ್ಮಿಕ ಬಡವನನ್ನೇ ಕೊಲ್ಲುವುದಲ್ಲವೆ?” ಹೌದು. ಕೊಲ್ಲುತ್ತದೆ. ನನ್ನ ಮೂವತ್ತು ವರ್ಷದ ಕಡತಗಳೂ ಅದನ್ನೇ ಹೇಳುತ್ತವೆ. ಆದರೆ ಅದಕ್ಕೆ ಮದ್ದು ಗುಂಡಿಯಲ್ಲ, ನಿಯಮ. ೧೯೮೩ರಷ್ಟು ಹಿಂದೆಯೇ ಡ್ಯಾನಿಯೆಲ್ ಬಂಟನ್ ಬೆರಿ ಮತ್ತು ಸಂಗಡಿಗರು ‘ಮ್ಯೂಲ್’ ಎಂಬ ಆಟದಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಇರಾಟಾ ಎಂಬ ಗ್ರಹದಲ್ಲಿ ನಾಲ್ವರು ವಸಾಹತುಗಾರರು ಬೆಳೆ, ಇಂಧನ, ಅದಿರುಗಳ ವ್ಯಾಪಾರ ಮಾಡುತ್ತಾರೆ. ನೆಲ ನಡುಗುತ್ತದೆ, ಸೂರ್ಯನ ಕಲೆಗಳಿಂದ ಇಂಧನದ ಉತ್ಪತ್ತಿ ಹೆಚ್ಚುತ್ತದೆ, ಆಕಾಶಗಳ್ಳರು ಬಂದು ಅದಿರನ್ನು ದೋಚುತ್ತಾರೆ. ಇವು ಎಲ್ಲರಿಗೂ ಸೇರಿದ ಘಟನೆಗಳು. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಒದಗುವ ಅದೃಷ್ಟ ದುರದೃಷ್ಟಗಳಲ್ಲಿ ಮಾತ್ರ ಒಂದು ಕಟ್ಟಳೆ: ಮೊದಲ ಸ್ಥಾನದಲ್ಲಿರುವವನಿಗೆ ಅದೃಷ್ಟ ಒಲಿಯುವುದಿಲ್ಲ, ಕೊನೆಯವನಿಗೆ ದುರದೃಷ್ಟ ತಟ್ಟುವುದಿಲ್ಲ. ನಿಸರ್ಗದಲ್ಲಿ ಈ ನ್ಯಾಯವಿಲ್ಲವೆಂದು ಯಾರಾದರೂ ಅನ್ನಬಹುದು. ನಿಸರ್ಗದಲ್ಲಿ ವಿಮೆಯೂ ಇಲ್ಲ. ಅದನ್ನು ಮನುಷ್ಯರು ಮಾಡಿಕೊಂಡರು. ಆಟವನ್ನು ಮಾಡುವವರೂ ಮನುಷ್ಯರೇ.

ಆದ್ದರಿಂದ ಆಟ ರಚಿಸುವವರಿಗೂ ನನ್ನಲ್ಲಿ ಒಂದು ಜಗಳವಿದೆ. ಎಚ್ಚರಿಕೆಯಿಲ್ಲದೆ, ಉಪಾಯಕ್ಕೆ ಎಡೆಯಿಲ್ಲದೆ, ಇದ್ದಕ್ಕಿದ್ದಂತೆ ಇಷ್ಟು ಹಣ ಹೋಯಿತು, ಇಷ್ಟು ಜನ ಸತ್ತರು ಎಂದು ಪರದೆಯ ಮೇಲೆ ಒಂದು ಚೀಟಿ ಅಂಟಿಸುವ ಆಟಗಳಿವೆ. ಅದು ಘಟನೆಯಲ್ಲ, ಕಪಾಳಮೋಕ್ಷ. ಅಂಥದನ್ನು ಕಂಡೇ ಜನ ಗುಂಡಿ ಹುಡುಕುತ್ತಾರೆ. ಆಕಸ್ಮಿಕಕ್ಕೆ ಮೂರು ಮರ್ಯಾದೆಗಳಿರಬೇಕು. ನೋಡಬಲ್ಲವನಿಗೆ ಮುಂಚೆಯೇ ಒಂದು ಚಿಹ್ನೆ ಕಾಣಬೇಕು. ಬಂದಾಗ ಆಟಗಾರನ ಮುಂದೆ ಆಯ್ಕೆಯೊಂದಿರಬೇಕು, ಆ ಆಯ್ಕೆಗೆ ಬೆಲೆಯಿರಬೇಕು. ಪೆಟ್ಟು ತಿಂದವನು ಮತ್ತೆ ಏಳುವಷ್ಟು ಅದರ ಪ್ರಮಾಣವಿರಬೇಕು. ಮಾಸ್ಟರ್ ಆಫ್ ಓರಿಯನ್ನಿನ ಧೂಮಕೇತುವಿಗೆ ಮೊದಲೆರಡು ಮರ್ಯಾದೆಗಳಿದ್ದವು: ಬರುತ್ತೇನೆಂದು ಹೇಳಿ ಬರುತ್ತಿತ್ತು, ಎದುರಿಸುವ ದಾರಿ ಇಡುತ್ತಿತ್ತು. ಮೂರನೆಯದನ್ನು ಅದಕ್ಕೆ ಹತ್ತು ವರ್ಷ ಮೊದಲು ಬಂದ ಮ್ಯೂಲ್ ಕಲಿಸಿತ್ತು. ಮೂರೂ ಕೂಡಿದ ಆಟವನ್ನು ನನಗೆ ಕೊಡಿ. ಗುಂಡಿಯನ್ನು ಕಿತ್ತು ಬಿಸಾಡಿ.

ಗುಂಡಿಯ ಅಣ್ಣನೊಬ್ಬನಿದ್ದಾನೆ. ಧೂಮಕೇತು ಬಡಿದ ಕೂಡಲೆ ಆಟವನ್ನು ನಿಲ್ಲಿಸಿ, ಅದಕ್ಕೆ ಮುಂಚೆ ಕಾಪಿಟ್ಟ ಕಡತವನ್ನು ತೆರೆದು, ಏನೂ ಆಗಲಿಲ್ಲವೆಂಬಂತೆ ಮುಂದುವರಿಯುವುದು. ಹೀಗೆ ಗೆದ್ದವರು ತಮ್ಮ ಸಾಮ್ರಾಜ್ಯದ ನಕ್ಷೆಯನ್ನು ತೋರಿಸುತ್ತ ಎಲ್ಲವೂ ಯೋಜನೆಯಂತೆಯೇ ನಡೆಯಿತೆಂದು ಬೀಗುತ್ತಾರೆ. ಯೋಜನೆ ತಪ್ಪಿದ ಪುಟಗಳನ್ನೆಲ್ಲ ಹರಿದುಹಾಕಿದ ಮೇಲೆ ಉಳಿದ ಪುಸ್ತಕ ಯೋಜನೆಯಂತೆಯೇ ಇರದೆ ಇನ್ನೇನಾಗುತ್ತದೆ? ಗೆದ್ದದ್ದೆಲ್ಲ ನನ್ನ ಬುದ್ಧಿಯಿಂದ, ಸೋತವನು ಸೋತದ್ದು ಅವನ ದಡ್ಡತನದಿಂದ ಎಂಬ ನಂಬಿಕೆ ಇಲ್ಲಿಂದ ಒಂದೇ ಹೆಜ್ಜೆ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈ ನಂಬಿಕೆ ಈಗಾಗಲೇ ಬೇಕಾದಷ್ಟಿದೆ. ಅದಕ್ಕೆ ಗಣಕಯಂತ್ರದ ಗೊಬ್ಬರ ಬೇಕಾಗಿಲ್ಲ.

ನನ್ನ ಕೆಲಸದ ದಿನಗಳಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ವರ್ಷವರ್ಷವೂ ಬಂದು ಕಂತು ಕಟ್ಟಿ ಗೊಣಗುತ್ತಿದ್ದರು. ಹತ್ತು ವರ್ಷ ಬೆಂಕಿ ಬೀಳಲಿಲ್ಲ. ಹನ್ನೊಂದನೆಯ ವರ್ಷ, ಇಷ್ಟು ದಿನ ದಂಡ ಕಟ್ಟಿದ್ದಾಯಿತೆಂದು ನಿಲ್ಲಿಸಿದರು. ಆ ವರ್ಷವೇ ಬೆಂಕಿ ಬಿತ್ತೆಂದು ಹೇಳಿದರೆ ಕಥೆ ಸೊಗಸಾಗುತ್ತಿತ್ತು, ಹಾಗಾಗಲಿಲ್ಲ. ಮತ್ತೆ ನಾಲ್ಕು ವರ್ಷ ಏನೂ ಆಗಲಿಲ್ಲ. ದಾರಿಯಲ್ಲಿ ಸಿಕ್ಕಿದಾಗಲೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಐದನೆಯ ವರ್ಷ ಬಿತ್ತು. ನನ್ನ ಮೇಜಿನ ಮುಂದೆ ಬಂದು ಕುಳಿತ ಅವರಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಅವರ ಕಡತ ಮುಚ್ಚಿ ಆಗಲೇ ಐದು ವರ್ಷವಾಗಿತ್ತು.

ಸೋದರಳಿಯ ಹೋದ ತಿಂಗಳು ಮನೆಗೆಂದು ಸಾಲ ಮಾಡಿದ್ದಾನೆ. ಇಪ್ಪತ್ತು ವರ್ಷದ ಕಂತು. ಲೆಕ್ಕವನ್ನೆಲ್ಲ ಅಚ್ಚುಕಟ್ಟಾಗಿ ಹಾಕಿ ತಂದು ನನಗೆ ತೋರಿಸಿದ. ಸಂಬಳ ಏರುವ ಸಾಲಿತ್ತು. ಬಡ್ಡಿ ಇಳಿಯುವ ಸಾಲೂ ಇತ್ತು. ಕೆಲಸ ಹೋಗುವ ಸಾಲು, ಹಾಸಿಗೆ ಹಿಡಿಯುವ ಸಾಲು, ಇವಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ. ಅವನು ಹೋಗುವಾಗ ನಾನು ಆ ಕಾಗದದ ಅಡಿಯಲ್ಲಿ ಪೆನ್ಸಿಲಿನಿಂದ ಎರಡು ಗೆರೆ ಎಳೆದು, ಬರೆಯದೆ ಖಾಲಿ ಬಿಟ್ಟು, ಹಾಗೆಯೇ ಅವನ ಕೈಗೆ ಕೊಟ್ಟೆ.