ಹದಿಹರೆಯದ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್: ಹೆದರಬೇಕಾದದ್ದು ಬೆಂಕಿಗಲ್ಲ, ನೀರಿಗೆ

ಹತ್ತನೇ ತರಗತಿಯ ಮಗಳು ಒಂದು ದಿನ ಕನ್ನಡಕ ಸಾಕು, ಲೆನ್ಸ್ ಕೊಡಿಸಿ ಎಂದು ಕೇಳಿದಳೆನ್ನಿ. ಮನೆಯಲ್ಲಿ ಏಳುವ ಆಕ್ಷೇಪಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಅದು ಜಾರಿ ಕಣ್ಣಿನ ಹಿಂದಕ್ಕೆ ಹೋದರೆ? ಒಲೆಯ ಮುಂದೆ ನಿಂತರೆ ಕರಗಿ ಅಂಟಿಕೊಳ್ಳುವುದಿಲ್ಲವೆ? ದೀಪಾವಳಿಯಲ್ಲಿ ಏನು ಮಾಡುವುದು? ಇಷ್ಟು ಚಿಕ್ಕ ವಯಸ್ಸಿಗೆ ಇದೆಲ್ಲ ಬೇಕೆ? ಆದರೆ ನಿಜಕ್ಕೂ ಕೇಳಬೇಕಾದ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ: ಲೆನ್ಸ್ ಮುಟ್ಟುವಾಗ ಅವಳ ಕೈ ಒಣಗಿರುತ್ತದೆಯೆ, ಒದ್ದೆಯಾಗಿರುತ್ತದೆಯೆ?

ಮೊದಲು ಸುಲಭದ ಭಯಗಳನ್ನು ಮುಗಿಸಿಬಿಡೋಣ.

ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ನೋಡಿ. ಒಳಗೆ ಕೆಂಪಗೆ, ತೇವವಾಗಿ ಕಾಣುವ ತೆಳುಪೊರೆಗೆ ಕಂಜಂಕ್ಟೈವಾ ಎಂದು ಹೆಸರು. ಅದು ರೆಪ್ಪೆಯ ಒಳಮೈಯನ್ನು ಹೊದ್ದು, ಒಂದಿಷ್ಟು ಒಳಗೆ ಹೋಗಿ, ಅಲ್ಲಿ ಮಡಚಿಕೊಂಡು, ಹಿಂತಿರುಗಿ ಬಂದು ಕಣ್ಣುಗುಡ್ಡೆಯ ಬಿಳಿಭಾಗವನ್ನು ಹೊದೆಯುತ್ತದೆ. ಅಂದರೆ ಇದು ತಳ ಹೊಲಿದ ಜೇಬು. ಲೆನ್ಸ್ ಜೇಬಿನೊಳಕ್ಕೆ ಜಾರಬಹುದು, ಜೇಬಿನಾಚೆಗೆ ಹೋಗಲಾರದು.

ಜೇಬಿನಲ್ಲಿ ಅವಿತುಕೊಳ್ಳುವುದು ಮಾತ್ರ ಉಂಟು. ಬ್ರಿಟನ್ನಿನಲ್ಲಿ ಕ್ಯಾಟರ್‍ಯಾಕ್ಟ್ ಶಸ್ತ್ರಚಿಕಿತ್ಸೆಗೆ ಬಂದ 67 ವರ್ಷದ ಮಹಿಳೆಯೊಬ್ಬರ ರೆಪ್ಪೆಯಡಿ ಲೋಳೆಯಿಂದ ಅಂಟಿಕೊಂಡ 17 ಲೆನ್ಸುಗಳ ಉಂಡೆ ಸಿಕ್ಕಿತು, ಹುಡುಕಿದಾಗ ಇನ್ನೂ 10 ಸಿಕ್ಕವು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ವರದಿ ಮಾಡಿತು. ಕಣ್ಣಿನ ಉರಿಗೆ ವಯಸ್ಸೇ ಕಾರಣವೆಂದು ಆಕೆ ಭಾವಿಸಿದ್ದರು! ಹೀಗಾಗಿ ಲೆನ್ಸ್ ಕಾಣೆಯಾದರೆ ಎಲ್ಲೋ ಬಿದ್ದಿರಬೇಕು ಎಂದು ಸುಮ್ಮನಾಗಬಾರದು. ಕಣ್ಣು ತೇವ ಮಾಡುವ ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲಿಂದ ಹಗುರವಾಗಿ ಒತ್ತುತ್ತ ಗುಡ್ಡೆಯನ್ನು ಅತ್ತಿತ್ತ ಆಡಿಸಿದರೆ ಬಹುಪಾಲು ಹೊರಬರುತ್ತದೆ. ಬರದಿದ್ದರೆ ಉಗುರಿನಿಂದ ಕೆದಕದೆ ವೈದ್ಯರ ಬಳಿ ಹೋಗುವುದು.

ಇನ್ನು ಕರಗುವ ಕತೆ. ಬಾರ್ಬೆಕ್ಯೂ ಪಾರ್ಟಿಯಲ್ಲಿ ಕೆಂಡದ ಮುಂದೆ ನಿಂತ 21 ವರ್ಷದ ಯುವಕನ ಲೆನ್ಸ್ ಕರಗಿ ಆತ ಕುರುಡನಾದ ಎಂಬ ಸಂದೇಶ ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಅದಕ್ಕೂ ಮೊದಲು ವೆಲ್ಡಿಂಗ್ ಕಿಡಿಗೆ ಲೆನ್ಸ್ ಅಂಟಿಕೊಂಡಿತೆಂಬ ಇನ್ನೊಂದು ಕತೆಯಿತ್ತು. ಎರಡೂ ಸುಳ್ಳು. ಮೆದು ಲೆನ್ಸುಗಳನ್ನು ಕಾರ್ಖಾನೆಯಲ್ಲಿ ಪೊಟ್ಟಣದ ಸಮೇತ ಸುಮಾರು 120 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬೇಯಿಸಿಯೇ ಸೂಕ್ಷ್ಮಜೀವಿಮುಕ್ತ ಮಾಡುತ್ತಾರೆ, ನಮ್ಮ ಪ್ರೆಷರ್ ಕುಕ್ಕರಿನ ಒಳಗಿನ ಬಿಸಿ ಅದು. ಮೊದಲ ತಲೆಮಾರಿನ ಮೆದು ಲೆನ್ಸುಗಳನ್ನಂತೂ ಬಳಕೆದಾರರು ದಿನವೂ ಕಾಯಿಸಿಯೇ ಶುದ್ಧಮಾಡಬೇಕಿತ್ತು. ಲೆನ್ಸನ್ನು ಕರಗಿಸುವಷ್ಟು ಬಿಸಿ ಮುಖಕ್ಕೆ ತಾಗಿದರೆ ಲೆನ್ಸಿಗಿಂತ ಮೊದಲು ಮುಖವೇ ಸುಟ್ಟಿರುತ್ತದೆ. ಒಲೆಯ ಬಿಸಿಗಾಳಿಗೆ, ಹೊಗೆಗೆ ಲೆನ್ಸ್ ಒಣಗಿ ಕಣ್ಣು ಚುರುಗುಟ್ಟುವುದು ನಿಜ. ಪಟಾಕಿಯ ಅಪಾಯವೂ ನಿಜವೇ, ಆದರೆ ಅದು ಲೆನ್ಸ್ ಇದ್ದರೂ ಇಲ್ಲದಿದ್ದರೂ ಒಂದೇ. ಆ ದಿನ ಕಣ್ಣಿಗೆ ರಕ್ಷಣಾ ಕನ್ನಡಕವೇ ಬೇಕು, ಲೆನ್ಸ್ ಗುರಾಣಿಯಲ್ಲ.

ನೀರಿನಲ್ಲಿರುವುದೇನು?

ಮೆದು ಲೆನ್ಸಿನ ಹುಟ್ಟು ಜೆಕ್ ರಸಾಯನವಿಜ್ಞಾನಿ ಒಟ್ಟೊ ವಿಖ್ಟರ್ಲೆ ಅವರಿಗೆ ಸಲ್ಲುತ್ತದೆ. ನೀರು ಹೀರಿ ಮೆದುವಾಗುವ ಪ್ಲಾಸ್ಟಿಕ್ಕನ್ನು ಅವರು ಸಹೋದ್ಯೋಗಿ ದ್ರಾಹೊಸ್ಲಾವ್ ಲಿಮ್ ಜೊತೆ ಕಂಡುಹಿಡಿದಿದ್ದರು. ಅದನ್ನು ತಿರುಗುವ ಅಚ್ಚಿನಲ್ಲಿ ಎರಕ ಹೊಯ್ಯುವ ಯಂತ್ರವನ್ನು 1961ರ ಕ್ರಿಸ್ಮಸ್ ಹೊತ್ತಿಗೆ ಮನೆಯಲ್ಲಿಯೇ, ಮಕ್ಕಳ ಜೋಡಣೆ ಆಟಿಕೆ ಮತ್ತು ಸೈಕಲ್ ಡೈನಮೊ ಬಳಸಿ ಕಟ್ಟಿದರು. ಅಮೆರಿಕದಲ್ಲಿ ಮೆದು ಲೆನ್ಸಿಗೆ ಅನುಮತಿ ಸಿಕ್ಕಿದ್ದು 1971ರಲ್ಲಿ. ಆ ಮೂಲ ವಸ್ತುವಿನ ತೂಕದಲ್ಲಿ ಸುಮಾರು ಶೇ 38ರಷ್ಟು ನೀರೇ. ಅಂದರೆ ಲೆನ್ಸ್ ಗಾಜಿನ ಚೂರಿನಂತಲ್ಲ, ಸ್ಪಂಜಿನಂತೆ. ತನ್ನ ಸುತ್ತ ಇರುವುದನ್ನು ಹೀರಿಕೊಂಡು ಕಣ್ಣಿಗೆ ಒತ್ತಿಹಿಡಿಯುತ್ತದೆ. ಆರಾಮಕ್ಕೂ ಅದೇ ಕಾರಣ, ಅಪಾಯಕ್ಕೂ ಅದೇ.

ಮಣ್ಣಿನಲ್ಲಿ, ಕೆರೆಯಲ್ಲಿ, ನಲ್ಲಿನೀರಿನಲ್ಲಿ, ಈಜುಕೊಳದಲ್ಲಿ ಅಕಾಂತಮೀಬಾ ಎಂಬ ಏಕಕೋಶಜೀವಿ ವಾಸಿಸುತ್ತದೆ. ಪರಿಸ್ಥಿತಿ ಸರಿಯಿಲ್ಲದಾಗ ಅದು ಗಟ್ಟಿ ಚಿಪ್ಪಿನೊಳಗೆ ಮುದುಡಿ ಕೂರುತ್ತದೆ. ಆ ಸ್ಥಿತಿಯಲ್ಲಿ ಕುಡಿಯುವ ನೀರಿಗೆ ಬೆರೆಸುವ ಪ್ರಮಾಣದ ಕ್ಲೋರಿನ್ ಅದನ್ನು ಕೊಲ್ಲುವುದಿಲ್ಲ. ನಾವೆಲ್ಲ ದಿನವೂ ಮುಖ ತೊಳೆಯುವಾಗ ಇದರ ಸಂಪರ್ಕಕ್ಕೆ ಬರುತ್ತಿರಬಹುದು, ಏನೂ ಆಗುವುದಿಲ್ಲ. ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ಅದನ್ನು ಗುಡಿಸಿಹಾಕುತ್ತದೆ. ಲೆನ್ಸ್ ಇದ್ದಾಗ ಮಾತ್ರ ಅದಕ್ಕೆ ಹಿಡಿದುಕೊಳ್ಳಲು ಒಂದು ಜಾಗ ಸಿಗುತ್ತದೆ. ಜೊತೆಗೆ ಲೆನ್ಸಿನ ಉಜ್ಜಾಟದಿಂದ ಕಾರ್ನಿಯಾದ ಮೇಲೆ ಕಣ್ಣಿಗೆ ಕಾಣದ ಗೀರುಗಳು ಆಗಿರುತ್ತವೆ. ಅಲ್ಲಿಂದ ಒಳಹೊಕ್ಕರೆ ತೀವ್ರ ನೋವು, ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವರಿಗೆ ಕಾರ್ನಿಯಾ ಕಸಿಯೂ ಬೇಕಾಗುತ್ತದೆ.

ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಸೋಂಕು ಒಮ್ಮೆಲೆ ಹೆಚ್ಚಾಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಮಿತವ್ಯಯದ ಅಭ್ಯಾಸ: ಜನ ಉಪ್ಪಿನ ಮಾತ್ರೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಮನೆಯಲ್ಲೇ ಲೆನ್ಸ್ ದ್ರಾವಣ ತಯಾರಿಸುತ್ತಿದ್ದರು. ಭಾರತದ ಚಿತ್ರ ಇನ್ನೂ ಕುತೂಹಲದ್ದು. ಇಲ್ಲಿ ಈ ಸೋಂಕಿಗೆ ತುತ್ತಾಗುವವರಲ್ಲಿ ಬಹುಪಾಲು ಜನ ಲೆನ್ಸನ್ನು ಮುಟ್ಟಿದವರೇ ಅಲ್ಲ. ಕಣ್ಣಿಗೆ ಮಣ್ಣು, ಕಸ, ಕೊಳಕು ನೀರು ಬಿದ್ದವರು. ಅಂದರೆ ನಮ್ಮ ಸುತ್ತಲಿನ ಮಣ್ಣು ನೀರಿನಲ್ಲಿ ಆ ಜೀವಿಗೆ ಬರವಿಲ್ಲ. ಸಂಪಿನಿಂದ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿ ದಿನಗಟ್ಟಲೆ ನಿಂತು, ನಲ್ಲಿಗೆ ಇಳಿಯುವ ನಮ್ಮ ಮನೆಗಳ ನೀರಿನಲ್ಲಿ ಲೆನ್ಸ್ ತೊಳೆಯುವುದು ಒಳ್ಳೆಯ ಯೋಚನೆಯಲ್ಲ. ಫಿಲ್ಟರ್ ನೀರು, ಬಾಟಲಿ ನೀರು, ಕುದಿಸಿ ಆರಿಸಿದ ನೀರು, ರೋಸ್ ವಾಟರ್ ಇವ್ಯಾವುವೂ ಆಗದು. ಬಸ್ಸಿನಲ್ಲಿ ಕೈಗೆ ಬಂದ ಲೆನ್ಸನ್ನು ಬಾಯಲ್ಲಿಟ್ಟು ತೇವ ಮಾಡಿ ಮತ್ತೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಸ್ನಾನಕ್ಕೆ ಮುಂಚೆ, ಈಜುವ ಮುಂಚೆ ತೆಗೆಯಬೇಕು. ಸ್ನಾನ ಮುಗಿಸಿ ಕೈ ಒರೆಸಿಕೊಂಡು ಮೇಲೆ ಹಾಕಬೇಕು.

ಅಮೀಬಾ ಅಪರೂಪದ ಶತ್ರು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಅಷ್ಟು ಅಪರೂಪವಲ್ಲ. ಲೆನ್ಸ್ ಡಬ್ಬಿಯ ಗೋಡೆಗೆ ಅಂಟಿ ಲೋಳೆಪದರ ಕಟ್ಟಿಕೊಳ್ಳುವ ಇದು ಕಣ್ಣಿಗೆ ಹೊಕ್ಕರೆ ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕೊರೆಯಬಲ್ಲದು. 2006ರಲ್ಲಿ ಸಿಂಗಪುರ, ಅಮೆರಿಕ ಮೊದಲಾದ ಕಡೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು ಹಬ್ಬಿ, ಒಂದು ಲೆನ್ಸ್ ದ್ರಾವಣವನ್ನು ಮಾರುಕಟ್ಟೆಯಿಂದಲೇ ಹಿಂಪಡೆಯಬೇಕಾಯಿತು. ಆಗ ಎಲ್ಲರ ಗಮನ ಸೆಳೆದ ಒಂದು ಅಭ್ಯಾಸವೆಂದರೆ, ಡಬ್ಬಿಯಲ್ಲಿ ಉಳಿದ ನಿನ್ನೆಯ ದ್ರಾವಣಕ್ಕೆ ಇಂದು ಮೇಲಷ್ಟು ಸುರಿಯುವುದು. ಹಳೆಯ ಸಾರಿಗೆ ನೀರು ಬೆರೆಸಿ ಕುದಿಸುವ ಅಡುಗೆಮನೆಯ ಜಾಣತನ ಇಲ್ಲಿ ನಡೆಯುವುದಿಲ್ಲ.

ನಿದ್ದೆ ಇನ್ನೊಂದು ಅಪಾಯ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಬೇಕಾದ ಆಮ್ಲಜನಕದ ಬಹುಭಾಗವನ್ನು ಅದು ಕಣ್ಣೀರಿನ ಮೂಲಕ ನೇರ ಗಾಳಿಯಿಂದಲೇ ಪಡೆಯುತ್ತದೆ. ಲೆನ್ಸ್ ಹಾಕಿದಾಗ ಅದು ಒಂದಿಷ್ಟು ಕಡಿಮೆಯಾಗುತ್ತದೆ, ಲೆನ್ಸ್ ಹಾಕಿ ಕಣ್ಣು ಮುಚ್ಚಿದರೆ ಮತ್ತಷ್ಟು. ಹಗಲು ಮಾತ್ರ ಮೆದು ಲೆನ್ಸ್ ಹಾಕುವವರಲ್ಲಿ ಗಂಭೀರ ಸೋಂಕು ವರ್ಷಕ್ಕೆ 10,000 ಜನರಲ್ಲಿ ಸುಮಾರು 2ರಿಂದ 4 ಮಂದಿಗೆ ಆದರೆ, ರಾತ್ರಿಯೂ ಹಾಕಿ ಮಲಗುವವರಲ್ಲಿ ಅದು ಸುಮಾರು 20 ಎಂದು ಅಮೆರಿಕ ಮತ್ತು ಆಸ್ಟ್ರೇಲಿಯಾದ ಅಧ್ಯಯನಗಳು ತೋರಿಸಿವೆ. ಮೊದಲ ಸಂಖ್ಯೆ ಸಮಾಧಾನದ್ದು. ಎರಡನೆಯದು ಕಾಲೇಜಿನಿಂದ ಮರಳುವಾಗ ಕಿಟಕಿಗೆ ತಲೆ ಆನಿಸಿ ಒಂದು ಗಂಟೆ ನಿದ್ದೆ ತೆಗೆಯುವ ಪಿಯುಸಿ ವಿದ್ಯಾರ್ಥಿಗೆ ಹೇಳಬೇಕಾದದ್ದು.

ಕೈಗೆ ಕಲಿಸುವ ಪಾಠ

ಮೊದಲ ದಿನ ಎಲ್ಲರಿಗೂ ಕಷ್ಟವೇ. ಕಣ್ಣಿನತ್ತ ಬೆರಳು ಬಂದರೆ ರೆಪ್ಪೆ ಮುಚ್ಚುವುದು ದೇಹದ ಸಹಜ ರಕ್ಷಣೆ, ಧೈರ್ಯದ ಕೊರತೆಯಲ್ಲ. ಒಳ್ಳೆಯ ಆಪ್ಟೋಮೆಟ್ರಿಸ್ಟ್ ತಾನೇ ಲೆನ್ಸ್ ಹಾಕಿ ಕಳಿಸುವುದಿಲ್ಲ. ಹುಡುಗಿ ತಾನಾಗಿ ಹಾಕಿ, ತಾನಾಗಿ ತೆಗೆದು ತೋರಿಸುವವರೆಗೆ ಲೆನ್ಸ್ ಮನೆಗೆ ಕೊಡಬಾರದು. ಅಮೆರಿಕದಲ್ಲಿ 8ರಿಂದ 12 ವರ್ಷದ ಮಕ್ಕಳನ್ನೂ 13ರಿಂದ 17ರ ಹದಿಹರೆಯದವರನ್ನೂ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕ್ಕವರಿಗೆ ಒಟ್ಟಾರೆ ಬೇಕಾದ ಹೆಚ್ಚುವರಿ ಸಮಯ ಸುಮಾರು 15 ನಿಮಿಷ, ಅದರಲ್ಲಿ ಬಹುಪಾಲು ಈ ಹಾಕಿ ತೆಗೆಯುವ ಅಭ್ಯಾಸಕ್ಕೇ ಹೋಯಿತು. ಅಷ್ಟೇ ವ್ಯತ್ಯಾಸ.

ಕೈಯಿಂದ ಶುರು. ಉಗುರು ಕತ್ತರಿಸಿರಬೇಕು. ಕ್ರೀಮ್, ಸುಗಂಧ ಹೆಚ್ಚಿಲ್ಲದ ಸಾಬೂನಿನಿಂದ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ನಮ್ಮ ಮನೆಗಳಿಗೆ ಎರಡು ವಿಶೇಷ ಎಚ್ಚರಿಕೆಗಳಿವೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ ಒಂದು ತೊಳೆತಕ್ಕೆ ಸ್ವಚ್ಛವಾಗುವುದಿಲ್ಲ, ಆ ಜಿಡ್ಡು ಲೆನ್ಸಿಗೆ ಮಂಜಿನಂತೆ ಕೂರುತ್ತದೆ. ಹಸಿಮೆಣಸಿನಕಾಯಿ ಹೆಚ್ಚಿದ ಬೆರಳು ಇನ್ನೂ ಕೆಟ್ಟದ್ದು. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಚರ್ಮಕ್ಕೆ ಗಂಟೆಗಟ್ಟಲೆ ಅಂಟಿಕೊಂಡಿರುತ್ತದೆ. ಅಡುಗೆಗೆ ನೆರವಾಗುವ ದಿನ ಕೈಗವಸು ಹಾಕಿಕೊಳ್ಳಲಿ, ಅಥವಾ ಆ ಸಂಜೆಗೆ ಲೆನ್ಸನ್ನು ಮೊದಲೇ ತೆಗೆದಿಡಲಿ.

ಯಾವಾಗಲೂ ಬಲಗಣ್ಣಿನದು ಮೊದಲು, ಆಗ ಎರಡೂ ಅದಲುಬದಲಾಗುವುದಿಲ್ಲ. ಲೆನ್ಸನ್ನು ತೋರುಬೆರಳ ತುದಿಯಲ್ಲಿ ನಿಲ್ಲಿಸಿ ಬದಿಯಿಂದ ನೋಡಬೇಕು. ಪುಟ್ಟ ಬಟ್ಟಲಿನಂತೆ ನೆಟ್ಟಗೆ ನಿಂತರೆ ಸರಿ, ಅಂಚು ತಟ್ಟೆಯಂತೆ ಹೊರಕ್ಕೆ ಬಾಗಿದ್ದರೆ ಒಳಮೈ ಹೊರಗಾಗಿದೆ. ಒಂದು ಕೈಯಿಂದ ಮೇಲ್ರೆಪ್ಪೆಯನ್ನು ಎತ್ತಿಹಿಡಿದು, ಇನ್ನೊಂದು ಕೈಯ ಮಧ್ಯದ ಬೆರಳಿಂದ ಕೆಳರೆಪ್ಪೆಯನ್ನು ಇಳಿಸಿ, ಮೇಲೆ ನೋಡುತ್ತ ಬಿಳಿಭಾಗಕ್ಕೆ ಲೆನ್ಸ್ ತಾಗಿಸಿದರೆ ಕಣ್ಣು ಅಷ್ಟಾಗಿ ಬೆಚ್ಚುವುದಿಲ್ಲ. ನಿಧಾನ ರೆಪ್ಪೆ ಮುಚ್ಚಿ ತೆರೆದರೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಕಾಡಿಗೆ ಏನಿದ್ದರೂ ಆಮೇಲೆ, ಅದೂ ರೆಪ್ಪೆಯ ಒಳ ಅಂಚಿಗಲ್ಲ.

ಹೊಸಬರನ್ನು ನಿಜಕ್ಕೂ ಕಂಗೆಡಿಸುವುದು ಹಾಕುವುದಲ್ಲ, ರಾತ್ರಿ ತೆಗೆಯುವುದು. ದಿನವಿಡೀ ಇದ್ದ ಲೆನ್ಸ್ ಒಣಗಿರುತ್ತದೆ, ಮೂರು ಸಲ ಜಾರುತ್ತದೆ, ಗಾಬರಿಯಲ್ಲಿ ನೇರ ಕಪ್ಪುಭಾಗದ ಮೇಲೇ ಚಿವುಟಿ ಕಾರ್ನಿಯಾಗೆ ಗೀರು ಮಾಡಿಕೊಳ್ಳುತ್ತಾರೆ. ಮೊದಲು ತೇವದ ಡ್ರಾಪ್ಸ್ ಹಾಕಿ ಐದು ನಿಮಿಷ ಕಾಯಲಿ. ಲೆನ್ಸನ್ನು ಬೆರಳಿಂದ ಬಿಳಿಭಾಗಕ್ಕೆ ಜಾರಿಸಿ, ಬೆರಳ ಮೆತ್ತೆಗಳಿಂದ, ಉಗುರಿಂದಲ್ಲ, ಹಗುರವಾಗಿ ಮಡಚಿ ತೆಗೆಯಲಿ.

ತೆಗೆದ ಮೇಲೆ ಅಂಗೈಯಲ್ಲಿಟ್ಟು ದ್ರಾವಣ ಹಾಕಿ ಬೆರಳಿನಿಂದ ಉಜ್ಜಬೇಕು, ಬಾಟಲಿಯ ಮೇಲೆ ಉಜ್ಜುವುದು ಬೇಕಿಲ್ಲ ಎಂದು ಬರೆದಿದ್ದರೂ. ಡಬ್ಬಿಯನ್ನು ದಿನವೂ ಖಾಲಿ ಮಾಡಿ, ದ್ರಾವಣದಿಂದಲೇ ತೊಳೆದು, ಒರೆಸಿ, ಬಾತ್‌ರೂಮಿನ ಹೊರಗೆ ಬೋರಲು ಹಾಕಿ ಒಣಗಿಸಬೇಕು. ಮೂರು ತಿಂಗಳಿಗೊಮ್ಮೆ ಹೊಸದು. ಬರೀ ಸಲೈನ್ ಎಂದು ಮಾರುವ ಉಪ್ಪುನೀರು ಕ್ರಿಮಿ ಕೊಲ್ಲುವುದಿಲ್ಲ. ಈ ಗೋಜಲಿನಲ್ಲಿ ಮುಕ್ಕಾಲು ಪಾಲು ತಪ್ಪಿಸುವ ದಾರಿ ದಿನಕ್ಕೊಂದು ಜೋಡಿ ಬಳಸಿ ಎಸೆಯುವ ಲೆನ್ಸ್. ದುಬಾರಿ ಹೌದು. ಆದರೆ ವಾರಕ್ಕೆ ಎರಡು ದಿನ ಕಬಡ್ಡಿಗೋ ನೃತ್ಯಕ್ಕೋ ಮಾತ್ರ ಬೇಕಿದ್ದರೆ ಲೆಕ್ಕ ಹಾಕಿ ನೋಡಿ, ಹದಿಹರೆಯದವರಿಗೆ ನನ್ನ ಮೊದಲ ಆಯ್ಕೆ ಅದೇ.

ವಯಸ್ಸು ಎಷ್ಟಿರಬೇಕು?

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಲೆನ್ಸ್ ಹಾಕುವ 12ರಿಂದ 17 ವರ್ಷದವರಲ್ಲಿ ಪ್ರತಿ ಏಳರಲ್ಲಿ ಆರು ಮಂದಿ ಕನಿಷ್ಠ ಒಂದು ಅಪಾಯಕಾರಿ ಅಭ್ಯಾಸ ಒಪ್ಪಿಕೊಂಡರು. ಲೆನ್ಸ್ ಹಾಕಿ ಮಲಗಿದವರು ಶೇ 30, ಈಜಿದವರು ಶೇ 27. ಇದನ್ನು ಓದಿ ಮಕ್ಕಳನ್ನು ಬೈಯುವ ಮುಂಚೆ ಮುಂದಿನ ಸಾಲು ನೋಡಬೇಕು: 25 ವರ್ಷ ಮೀರಿದವರಲ್ಲಿ ಆ ಪ್ರಮಾಣ ಶೇ 88, ಅಂದರೆ ಮಕ್ಕಳಿಗಿಂತ ಸ್ವಲ್ಪ ಹೆಚ್ಚೇ. ಹಾಗಾಗಿ ವಯಸ್ಸಿನ ಬದಲು ಸ್ವಭಾವ ನೋಡುವುದು ಮೇಲು. ಹೇಳಿಸಿಕೊಳ್ಳದೆ ಟಿಫಿನ್ ಡಬ್ಬಿ ತೊಳೆದಿಡುವ ಮಗು ಲೆನ್ಸ್ ಡಬ್ಬಿಯನ್ನೂ ತೊಳೆದೀತು.

ಲಾಭವನ್ನೂ ಅಳತೆಗೆ ತಕ್ಕಷ್ಟೇ ಹೇಳಬೇಕು. 8ರಿಂದ 11 ವರ್ಷದ 484 ಮಕ್ಕಳನ್ನು ಮೂರು ವರ್ಷ ಗಮನಿಸಿದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಲೆನ್ಸ್ ಹಾಕಿದವರಿಗೆ ತಮ್ಮ ರೂಪ, ಆಟದ ಸಾಮರ್ಥ್ಯ, ಗೆಳೆಯರ ನಡುವಿನ ಸ್ಥಾನದ ಬಗ್ಗೆ ಭಾವನೆ ಕನ್ನಡಕದವರಿಗಿಂತ ಉತ್ತಮವಾಗಿತ್ತು. ಒಟ್ಟಾರೆ ಸ್ವಾಭಿಮಾನದಲ್ಲಿ ಮಾತ್ರ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ.

ಲೆನ್ಸ್ ಕೊಡಿಸಿದ ಮನೆಗಳು ಹೆಚ್ಚಾಗಿ ಒಂದು ಉಳಿತಾಯ ಮಾಡುತ್ತವೆ, ಕನ್ನಡಕದ ಹೊಸ ನಂಬರ್ ಹಾಕಿಸುವುದಿಲ್ಲ. ಇದು ಅಪಾಯದ ಉಳಿತಾಯ. ಹಳೆಯ ಕನ್ನಡಕದಲ್ಲಿ ಬೋರ್ಡು ಕಾಣದ ಹುಡುಗಿ ಕಣ್ಣು ಕೆಂಪಾಗಿದ್ದರೂ ಲೆನ್ಸನ್ನೇ ಹಾಕಿಕೊಂಡು ಹೋಗುತ್ತಾಳೆ, ಬೇರೆ ದಾರಿ ಅವಳಿಗಿರುವುದಿಲ್ಲ. ಕನ್ನಡಕದ ಚೀಟಿ ತೋರಿಸಿ ಲೆನ್ಸ್ ತರಿಸುವುದೂ ತಪ್ಪು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ. ಹಾಗಾಗಿ ಮೈನಸ್ 6 ಕನ್ನಡಕದವರಿಗೆ ಲೆನ್ಸಿನಲ್ಲಿ ಬೇಕಾಗುವುದು ಸುಮಾರು ಮೈನಸ್ 5.5. ಲೆನ್ಸಿನ ಬಾಗು, ಅಗಲಗಳನ್ನು ಕಣ್ಣನ್ನು ಅಳೆದೇ ನಿರ್ಧರಿಸಬೇಕು. ನಂಬರಿಲ್ಲದ ಬಣ್ಣದ ಲೆನ್ಸಿಗೂ ಈ ಮಾತು ಅನ್ವಯಿಸುತ್ತದೆ. ಕಾಲೇಜ್ ಡೇ, ಮದುವೆಯ ಮೇಕಪ್ಪಿಗೆ ಒಂದೇ ಜೋಡಿಯನ್ನು ಗೆಳತಿಯರು ಹಂಚಿಕೊಳ್ಳುವುದು ಟೂತ್‌ಬ್ರಷ್ ಹಂಚಿಕೊಂಡಿದ್ದಕ್ಕಿಂತ ಕೆಟ್ಟದ್ದು.

ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಂಜುಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತಕ್ಷಣ ತೆಗೆಯಬೇಕು. ತೆಗೆದ ಮೇಲೂ ಕಡಿಮೆಯಾಗದಿದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಹರಳೆಣ್ಣೆ, ಜೇನು, ಎದೆಹಾಲು ಹಾಕಬಾರದು. ಕಳೆದ ಸಲ ಯಾರಿಗೋ ಕೊಟ್ಟ ಡ್ರಾಪ್ಸ್ ಇನ್ನೂ ಬೇಡ, ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಸೋಂಕು ಒಳಗೊಳಗೇ ಬೆಳೆಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟುವುದೂ ಬೇಡ. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ, ತೊಳೆಯದೆ, ಹಾಗೆಯೇ ವೈದ್ಯರ ಬಳಿ ಒಯ್ಯಿರಿ. ಯಾವ ಸೂಕ್ಷ್ಮಜೀವಿ ಎಂಬುದನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚಲು ಆ ಡಬ್ಬಿ ನೆರವಾಗುತ್ತದೆ.